ಬೀಜದಿಂದ ಬೀಜಕ್ಕೆ: ಬಿತ್ತನೆಯ ಅಂತರಸಾಧನಗಳ ಪೂರ್ವವೃತ್ತಾಂತ



ಶ್ರೀಮಠದ ಅಮೃತಮಹೋತ್ಸವದ ಸ್ಮರಣಗ್ರಂಥಕ್ಕೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕಮಂಡಲಿಯವರು ಅಪ್ಪಣೆಮಾಡಿದಾಗ, ಗುರುಪರಂಪರೆಯನ್ನು ಕುರಿತಾಗಲಿ ಷಟ್‌ಸ್ಥಲಸಿದ್ಧಾಂತವನ್ನು ಕುರಿತಾಗಲಿ ನಾನು ಬರೆಯುವೆನೆಂದು ಅವರು ನಿರೀಕ್ಷಿಸಿದ್ದಿರಬಹುದು. ಆ ವಿಷಯಗಳಿಗೆ ನನಗಿಂತ ಸಮರ್ಥರಾದ ಲೇಖಕರು ಈ ಗ್ರಂಥದಲ್ಲಿಯೇ ಇರುವರು. ನಾನು ಆರಿಸಿಕೊಂಡುದು ದಾಸೋಹದ ಮನೆಯ ಹಿಂಬದಿಯ ಕಾಯಿಪಲ್ಯದ ತೋಟವನ್ನು. ಅದರಲ್ಲಿಯೂ ಬೀಜದಿಂದ ಬೀಜಕ್ಕೆ ಸರಿಯಾದ ದೂರವನ್ನು ಕಾಯ್ದುಕೊಳ್ಳುವುದಕ್ಕಾಗಿ ನಮ್ಮ ಜನರು ಕೈಗೆ ಸಿಕ್ಕ ವಸ್ತುಗಳಿಂದಲೇ ಮಾಡಿಕೊಂಡ ಸಾಧನಗಳನ್ನು. ವಿಷಯವು ಅಲ್ಪವೆಂದು ವಾಚಕ ಮಹಾಶಯರಿಗೆ ತೋರಬಹುದು. ಆದರೆ ದಿನವೂ ಎರಡು ಹೊತ್ತು ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಿದ ನಾವು, ಎಲೆಯ ಮೇಲೆ ಬಂದ ಪಲ್ಯವು ಮಡಿಯಲ್ಲಿ ಯಾವ ಪಂಕ್ತಿಯಲ್ಲಿ ಕುಳಿತಿತ್ತೆಂಬುದನ್ನು ಎಂದೂ ವಿಚಾರಿಸಿದವರಲ್ಲ.

ಮಠಕ್ಕೂ ತೋಟಕ್ಕೂ ಇರುವ ನಂಟು ನಮ್ಮ ಪರಂಪರೆಯಲ್ಲಿ ಹೊಸದೇನೂ ಅಲ್ಲ. ಕಗ್ಗೆರೆಯ ತೋಟವೊಂದರಲ್ಲಿ ತಪಸ್ಸನ್ನಾಚರಿಸಿದುದರಿಂದಲೇ ಸಿದ್ಧಲಿಂಗಯತಿಗಳಿಗೆ ‘ತೋಂಟದ’ ಎಂಬ ವಿಶೇಷಣವು ಬಂದಿತೆಂಬುದನ್ನು ಭಕ್ತರೆಲ್ಲರೂ ಬಲ್ಲರು. ತೋಟದ ಹೆಸರನ್ನು ನೆನೆದಷ್ಟು ತೋಟದ ಕೆಲಸವನ್ನು ನಾವು ನೆನೆಯಲಿಲ್ಲ, ಅಷ್ಟೆ.

ನಾನು ಪಾಠಶಾಲೆಗೆ ಸೇರಿದ ಎರಡನೆಯ ವರ್ಷ, ಹನ್ನೆರಡು ವಯಸ್ಸಿನವನಾಗಿದ್ದಾಗ, ತೋಟದ ಸೇವೆಯ ಸರದಿಯು ನನ್ನ ಪಾಲಿಗೆ ಬಂದಿತು. ಆಗ ತೋಟವನ್ನು ನೋಡಿಕೊಳ್ಳುತ್ತಿದ್ದ ವೃದ್ಧರನ್ನು ನಾವೆಲ್ಲರೂ ತೋಟದಜ್ಜನವರೆಂದೇ ಕರೆಯುತ್ತಿದ್ದೆವು. ಅವರಿಗೆ ಅಕ್ಷರಾಭ್ಯಾಸವಿರಲಿಲ್ಲ. ನನಗಾದರೋ ಆಗಷ್ಟೇ ಅಮರಕೋಶದ ಪ್ರಥಮಕಾಂಡವು ಕಂಠಸ್ಥವಾಗಿದ್ದಿತು; ಅದರಿಂದ ಹುಟ್ಟುವ ಗರ್ವವೂ ತಕ್ಕಮಟ್ಟಿಗೆ ಇದ್ದಿತು. ಜಾತ್ರೆಯ ದಾಸೋಹಕ್ಕೆಂದು ಮೂಲಂಗಿಯನ್ನು ಬಿತ್ತಬೇಕಾಗಿದ್ದಿತು. ಅಜ್ಜನವರು ಹಿಂದಿನ ವರ್ಷದ ಬೆಳೆಯಲ್ಲಿ ಒಳ್ಳೆಯ ಗಿಡಗಳನ್ನು ಕೀಳದೆ ಬಿಟ್ಟು, ಒಣಗಿಸಿ, ಬಡಿದು, ಬೂದಿಯಲ್ಲಿ ಬೆರೆಸಿಟ್ಟಿದ್ದ ಬೀಜದ ಗಂಟನ್ನು ನನ್ನ ಕೈಗೆ ಕೊಟ್ಟು, ತಾವು ಬರುವವರೆಗೆ ಕಾಯುವಂತೆ ಹೇಳಿ ಬಾವಿಯ ಕಡೆಗೆ ಹೋದರು. ನಾನು ಕಾಯಲಿಲ್ಲ. ಮುಷ್ಟಿಮುಷ್ಟಿಯಾಗಿ ಮಡಿಯ ತುಂಬ ಚೆಲ್ಲಿ, ಮಣ್ಣು ಮುಚ್ಚಿ, ಕೆಲಸವು ಬೇಗನೆ ಮುಗಿಯಿತೆಂದು ಸಂತೋಷಪಟ್ಟೆನು.

ಹತ್ತು ದಿನಗಳಲ್ಲಿ ಮಡಿಯು ಹಸುರಾಯಿತು. ಒಂದೂವರೆ ತಿಂಗಳಾದ ಮೇಲೆ ಕಿತ್ತು ನೋಡಿದರೆ ಸೊಪ್ಪು ಹುಲುಸಾಗಿದ್ದಿತು. ಗಡ್ಡೆಗಳ ಸ್ಥಾನದಲ್ಲಿ ಇಲಿಯ ಬಾಲದಂತಹ ಬೇರುಗಳಿದ್ದುವು. ಕೆಲವು ಕಡೆ ಒಂದು ಚೋಟಿನಲ್ಲಿ ಇಪ್ಪತ್ತು ಸಸಿಗಳು, ಕೆಲವು ಕಡೆ ಮೊಳದುದ್ದ ಬಯಲು. ಜಾತ್ರೆಗೆ ಬಂದ ಭಕ್ತರ ಎಲೆಗೆ ಆ ವರ್ಷ ಮೂಲಂಗಿಯು ಬೀಳಲಿಲ್ಲ. ಅದಕ್ಕಿಂತಲೂ ದೊಡ್ಡ ನಷ್ಟವೆಂದರೆ, ಇಟ್ಟಿದ್ದ ಬೀಜವೆಲ್ಲವೂ ಒಂದೇ ಮಡಿಯಲ್ಲಿ ತೀರಿಹೋಗಿದ್ದಿತು. ಬೀಜಕ್ಕೆ ಬಿಡಲು ಒಂದು ಗಿಡವೂ ಯೋಗ್ಯವಾಗಿ ಬಂದಿರಲಿಲ್ಲ. ಅಜ್ಜನವರು ಬೈಯಲಿಲ್ಲ. “ತಮ್ಮಾ, ಮುಷ್ಟಿಗೆ ಕಣ್ಣಿಲ್ಲ, ಹಗ್ಗಕ್ಕ ಅದಾವು” ಎಂದಷ್ಟೇ ಹೇಳಿ, ತೊಲೆಯ ಮೇಲಿಂದ ಒಂದು ಹಗ್ಗವನ್ನು ಕೆಳಗಿಳಿಸಿದರು.

ಅದು ಪುಂಡಿನಾರಿನ ಹುರಿ. ಎರಡು ತುದಿಗಳಿಗೆ ಎರಡು ಮರದ ಗೂಟಗಳು. ನಡುವೆ ಗೇಣಿಗೊಂದರಂತೆ ಗಂಟು. ಗೂಟಗಳನ್ನು ಮಡಿಯ ಎರಡು ಕೊನೆಗಳಲ್ಲಿ ನೆಟ್ಟು ಹುರಿಯನ್ನು ಬಿಗಿದರೆ, ಗಂಟಿನ ಕೆಳಗೆ ಬೀಜ. ಬೇರೆ ವಿಚಾರವೇ ಬೇಡ. ಆದರೆ ಎರಡನೆಯ ಸಾಲಿಗೆ ಬಂದಾಗ ಅಜ್ಜನವರು ಹುರಿಯನ್ನು ಅರ್ಧ ಗೇಣಿನಷ್ಟು ಪಕ್ಕಕ್ಕೆ ಸರಿಸಿ ನೆಡುತ್ತಿದ್ದರು. ಮೂರನೆಯ ಸಾಲಿನಲ್ಲಿ ಮತ್ತೆ ಮೊದಲಿನಂತೆ. ಹೀಗೆ ಮಾಡುವುದರಿಂದ ಎದುರುಬದುರಾಗಿ ನಿಲ್ಲಬೇಕಾದ ಗಿಡಗಳು ಒಂದರ ಸಂದಿಗೆ ಇನ್ನೊಂದು ಬಂದು ಮುಕ್ಕೋಣದಲ್ಲಿ ನಿಲ್ಲುತ್ತವೆ. ಸಾಲುಗಳನ್ನು ಸ್ವಲ್ಪ ಹತ್ತಿರ ತಂದರೂ ಗಿಡದಿಂದ ಗಿಡಕ್ಕೆ ಇರುವ ದೂರವು ಎಲ್ಲ ದಿಕ್ಕಿಗೂ ಒಂದೇ ಆಗಿ ಉಳಿಯುತ್ತದೆ. ಈ ಲೆಕ್ಕವನ್ನು ನಾನು ಬಹುಕಾಲದ ಮೇಲೆ ಗಣಿತ ಬಲ್ಲವರೊಬ್ಬರಿಂದ ತಿಳಿದೆನು: ಚೌಕದಲ್ಲಿ ೧೦೦ ಗಿಡಗಳು ಹಿಡಿಸುವ ನೆಲದಲ್ಲಿ, ಅಷ್ಟೇ ದೂರವನ್ನು ಕಾಯ್ದುಕೊಂಡು, ಮುಕ್ಕೋಣದಲ್ಲಿ ಸುಮಾರು ೧೧೫ ಗಿಡಗಳು ಹಿಡಿಸುತ್ತವೆ. ಅಜ್ಜನವರಿಗೆ ಈ ಸಂಖ್ಯೆಯು ಗೊತ್ತಿರಲಿಲ್ಲ. ಹುರಿಯನ್ನು ಸರಿಸುವುದು ಮಾತ್ರ ಗೊತ್ತಿದ್ದಿತು.

ಸಣ್ಣ ಅಂತರದ ಬೆಳೆಗಳಿಗೆ ಹುರಿಯು ಸಾಲದು. ಮೂಲಂಗಿಗೂ ಗಜ್ಜರಿಗೂ ಅವರು ಒಂದು ಗೂಟದ ಹಲಗೆಯನ್ನು ಮಾಡಿಕೊಂಡಿದ್ದರು. ಹಳೆಯ ಬಾಗಿಲೊಂದರ ತುಂಡು. ಉದ್ದ ಒಂದು ಮೊಳ, ಅಗಲ ಒಂದು ಗೇಣು. ಅದರ ಒಂದು ಮುಖಕ್ಕೆ ಹೆಬ್ಬೆರಳ ದಪ್ಪದ ಗೂಟಗಳನ್ನು ನಾಲ್ಕಂಗುಲಕ್ಕೊಂದರಂತೆ ಮೂರು ಸಾಲುಗಳಲ್ಲಿ ಬಡಿದಿದ್ದರು: ಆರು, ಐದು, ಆರು, ಒಟ್ಟು ಹದಿನೇಳು. ನೀರುಂಡು ಹದಕ್ಕೆ ಬಂದ ಮಡಿಯ ಮೇಲೆ ಹಲಗೆಯನ್ನಿಟ್ಟು ಕಾಲಿನಿಂದ ಒತ್ತಿ ಎತ್ತಿದರೆ ಹದಿನೇಳು ಕುಳಿಗಳು ಏಕಕಾಲದಲ್ಲಿ ಮೂಡುತ್ತಿದ್ದುವು. ಗೂಟಗಳೆಲ್ಲವೂ ಒಂದೇ ಉದ್ದವಾದುದರಿಂದ ಕುಳಿಗಳ ಆಳವೂ ಒಂದೇ. ಹಲಗೆಯ ಎರಡು ತುದಿಗಳಲ್ಲಿ ಎರಡೆರಡು ಅಂಗುಲವನ್ನು ಬರಿದಾಗಿ ಬಿಟ್ಟುದರ ಮರ್ಮವು ನನಗೆ ಬಹುದಿನ ಹೊಳೆಯಲಿಲ್ಲ: ಹಲಗೆಯನ್ನು ಮುಂದಕ್ಕೆ ಸರಿಸಿ ಮೊದಲಿನ ಗುರುತಿಗೆ ತಾಗಿಸಿದಾಗ, ಹಿಂದಿನ ಕೊನೆಯ ಕುಳಿಗೂ ಮುಂದಿನ ಮೊದಲ ಕುಳಿಗೂ ನಡುವೆ ಮತ್ತೆ ಸರಿಯಾಗಿ ನಾಲ್ಕಂಗುಲವೇ ಬೀಳುತ್ತದೆ.

ಬೆಂಡೆ, ಅಲಸಂದೆಗಳಂತಹ ದಪ್ಪ ಬೀಜಗಳಿಗೆ ಎದೆಯೆತ್ತರದ ಬಿದಿರ ನಳಿಗೆಯಿದ್ದಿತು. ಗಿಣ್ಣುಗಳನ್ನು ಕಾಯಿಸಿದ ಕಬ್ಬಿಣದ ಸಲಾಕೆಯಿಂದ ತೂತುಮಾಡಿ ಒಳಗೆಲ್ಲ ಪೊಳ್ಳಾಗಿಸಿದುದು. ಅದರ ಮೂತಿಯನ್ನು ಮಣ್ಣಿಗೂರಿ ಮೇಲಿನಿಂದ ಬೀಜವನ್ನು ಬಿಟ್ಟರೆ, ಬಗ್ಗದೆಯೇ ಬಿತ್ತನೆ. ಬೆನ್ನು ಬಾಗಿದ ವೃದ್ಧರಿಗೆ ಅದು ಅಲಂಕಾರವಲ್ಲ, ಅವಶ್ಯಕತೆ. ರಾಜಗಿರಿಯಂತಹ ನುಣುಪು ಬೀಜಗಳನ್ನು ಮಾತ್ರ ಹಲಗೆಯಾಗಲಿ ನಳಿಗೆಯಾಗಲಿ ಆಳಲಾರದು. ಅವನ್ನು ಹತ್ತರಷ್ಟು ಒಣ ಮರಳಿನೊಡನೆ ಬೆರೆಸಿ, ತೂತು ಕೊರೆದ ತೆಂಗಿನ ಚಿಪ್ಪಿನಿಂದ ಗೀರಿದ ಗೆರೆಯುದ್ದಕ್ಕೂ ಸುರಿಯುತ್ತಿದ್ದರು. ಇಲ್ಲಿ ದೂರವನ್ನು ಕಾಯುವುದು ಮರಳು. ಕೊತ್ತಂಬರಿಯ ಒಂದೊಂದು ಕಾಳೂ ವಸ್ತುತಃ ಎರಡು ಬೀಜಗಳ ಜೋಡಿಯಾದುದರಿಂದ, ಅದನ್ನು ಮೊದಲು ಹಲಗೆಯ ಕೆಳಗೆ ಮೆಲ್ಲನೆ ಉಜ್ಜಿ ಇಬ್ಭಾಗಮಾಡದೆ ಬಿತ್ತುತ್ತಿರಲಿಲ್ಲ.

ಮುಂದೆ ದ್ವಿತೀಯಕಾಂಡದ ಪಾಠವಾದಾಗ ನನಗೊಂದು ಅಚ್ಚರಿಯು ಕಾದಿದ್ದಿತು. ಹೆಬ್ಬೆರಳನ್ನು ತೋರುಬೆರಳಿನೊಡನೆ ಅಗಲಿಸಿದರೆ ಪ್ರಾದೇಶ, ನಡುಬೆರಳಿನೊಡನೆ ತಾಲ, ಉಂಗುರಬೆರಳಿನೊಡನೆ ಗೋಕರ್ಣ, ಕಿರುಬೆರಳಿನೊಡನೆ ಹನ್ನೆರಡಂಗುಲದ ವಿತಸ್ತಿ ಎಂದು ಅಮರಸಿಂಹನು ನಾಲ್ಕು ಅಳತೆಗಳನ್ನು ಹೇಳುತ್ತಾನೆ. ಅಜ್ಜನವರು ಚೋಟು ಎನ್ನುತ್ತಿದ್ದುದು ಪ್ರಾದೇಶ. ಗೇಣು ಎನ್ನುತ್ತಿದ್ದುದು ವಿತಸ್ತಿ. ನಾನು ಬಾಯಿಪಾಠ ಮಾಡಿದುದನ್ನು ಅವರು ಮಣ್ಣಿನ ಮೇಲೆ ಮಾಡುತ್ತಿದ್ದರು. ಆ ದಿನದಿಂದ ಗ್ರಂಥಗಳಲ್ಲಿ ಈ ವಿಷಯವು ಎಲ್ಲೆಲ್ಲಿ ಬರುವುದೆಂದು ಗುರುತುಹಾಕಿಕೊಳ್ಳುವ ಅಭ್ಯಾಸವು ನನಗುಂಟಾಯಿತು.

ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ಮರದಿಂದ ಮರಕ್ಕೆ ಇಪ್ಪತ್ತು ಹಸ್ತ ಉತ್ತಮ, ಹದಿನಾರು ಮಧ್ಯಮ, ಹನ್ನೆರಡು ಅಧಮವೆಂದು ನಿಯಮಿಸಿ, ಬೇರುಗಳೂ ಕೊಂಬೆಗಳೂ ಒಂದನ್ನೊಂದು ತಾಗಿದರೆ ಫಲವು ಕುಂದುವುದೆಂಬ ಕಾರಣವನ್ನೂ ಸೂಚಿಸಿರುವನು. ಕೃಷಿಪರಾಶರವೆಂಬ ಗ್ರಂಥವು ಇನ್ನೂ ಸೂಕ್ಷ್ಮಕ್ಕೆ ಇಳಿಯುತ್ತದೆ: ನಾಟಿಯನ್ನು ಕರ್ಕಾಟಕಮಾಸದಲ್ಲಿ ಮಾಡಿದರೆ ಒಂದು ಹಸ್ತದ ದೂರ, ಸಿಂಹದಲ್ಲಾದರೆ ಅರ್ಧ ಹಸ್ತ, ಕನ್ಯಾಮಾಸದವರೆಗೆ ತಡವಾದರೆ ನಾಲ್ಕೇ ಅಂಗುಲ. ಇದು ಪಂಚಾಂಗದ ವಿಲಾಸವಲ್ಲ. ಬೇಗನೆ ನೆಟ್ಟ ಸಸಿಗೆ ತೆಂಡೆಯೊಡೆದು ಅಗಲಿಸಲು ಕಾಲವಿರುತ್ತದೆ, ಆದುದರಿಂದ ಸ್ಥಳವೂ ಬೇಕು. ತಡವಾಗಿ ನೆಟ್ಟುದು ಹೆಚ್ಚು ತೆಂಡೆಯೊಡೆಯದು, ಆದುದರಿಂದ ಒತ್ತಾಗಿ ನೆಡಬೇಕು. ನಮ್ಮ ಕನ್ನಡದಲ್ಲಿಯೂ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವು ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ.

ಇವನ್ನೆಲ್ಲ ಓದಿದ ಮೇಲೆ ನನ್ನಲ್ಲಿ ಉಳಿದ ಪ್ರಶ್ನೆಯು ಒಂದೇ. ಅಳತೆಯು ಗ್ರಂಥದಲ್ಲಿದೆ, ಅಳೆಯುವ ಸಾಧನವು ಎಲ್ಲಿ? ನಾಲ್ಕಂಗುಲವೆಂದು ಶ್ಲೋಕದಲ್ಲಿ ಹೇಳುವುದು ಸುಲಭ. ಸಂಜೆಯೊಳಗೆ ಒಂದು ಮಡಿಯಲ್ಲಿ ಸಾವಿರ ಕುಳಿಗಳನ್ನು ನಾಲ್ಕಂಗುಲಕ್ಕೊಂದರಂತೆ ತೋಡಬೇಕಾದವನಿಗೆ ಶ್ಲೋಕವು ಸಹಾಯಕ್ಕೆ ಬಾರದು. ಅವನು ಹುರಿಗೆ ಗಂಟು ಹಾಕಿದನು, ಹಲಗೆಗೆ ಗೂಟ ಬಡಿದನು. ಅದನ್ನು ಬರೆಯುವವರು ಇರಲಿಲ್ಲ. ಬರೆಯಬಲ್ಲ ನಮ್ಮಂಥವರು ಆ ಕಡೆ ತಿರುಗಿ ನೋಡಲಿಲ್ಲ.

ಶಾಸನಗಳಲ್ಲಿ ಒಂದು ಪರೋಕ್ಷವಾದ ಸಾಕ್ಷ್ಯವು ದೊರೆಯುತ್ತದೆ. ದತ್ತಿಯ ಭೂಮಿಯನ್ನು ಕೆಲವು ಕಡೆ ಗಳೆಯಿಂದ ಅಳೆದು ಮತ್ತರು, ಕಮ್ಮಗಳಲ್ಲಿ ಹೇಳುವರು. ಬಳ್ಳಿಗಾವೆಯ ಸೀಮೆಯಲ್ಲಿ ಭೇರುಂಡಗಳೆಯೆಂಬ ಅಳತೆಗೋಲೇ ಪ್ರಸಿದ್ಧವಾಗಿದ್ದಿತು. ಇನ್ನು ಕೆಲವು ಕಡೆ ಇಷ್ಟು ಖಂಡುಗ ಬೀಜ ಬಿತ್ತುವ ಭೂಮಿಯೆಂದು ಬೀಜದಿಂದಲೇ ಹೇಳುವರು. ಈ ಬೀಜವರಿಯ ಅಳತೆಯನ್ನು ಸ್ವಲ್ಪ ಆಲೋಚಿಸಿ ನೋಡಬೇಕು. ಒಬ್ಬನು ಒತ್ತಾಗಿ ಬಿತ್ತಿ, ಇನ್ನೊಬ್ಬನು ವಿರಳವಾಗಿ ಬಿತ್ತಿದರೆ ಒಂದೇ ಖಂಡುಗದ ಬೀಜವು ಎರಡು ಬೇರೆ ವಿಸ್ತಾರಗಳನ್ನು ತೋರಿಸುವುದು. ಆದಾಗ್ಯೂ ಆ ಅಳತೆಯ ಮೇಲೆ ದಾನಗಳೂ ತೆರಿಗೆಗಳೂ ಶತಮಾನಗಳ ಕಾಲ ನಡೆದುವೆಂದರೆ, ಒಂದೊಂದು ಸೀಮೆಯಲ್ಲಿ ಬಿತ್ತುವವರ ಕೈಯು ಬಹುಮಟ್ಟಿಗೆ ಒಂದೇ ಸಮನಾಗಿದ್ದಿತೆಂದು ಊಹಿಸಬೇಕಾಗುತ್ತದೆ. ಧಾರವಾಡ, ವಿಜಾಪುರದ ಕಡೆ ‘ಇಷ್ಟು ಕೂರಿಗೆ ಹೊಲ’ ಎಂದು ಹೇಳುವ ರೂಢಿಯಲ್ಲಂತೂ ಸಾಧನದ ಹೆಸರೇ ನೆಲದ ಅಳತೆಯ ಹೆಸರಾಗಿದೆ; ಒಂದು ಕೂರಿಗೆಯು ಒಂದು ದಿನದಲ್ಲಿ ಬಿತ್ತುವಷ್ಟು ನೆಲವೆಂದು ಅದರ ಅರ್ಥ.

ಕೂರಿಗೆಯೆಂದರೆ ಅಜ್ಜನವರ ಹುರಿಯೂ ಹಲಗೆಯೂ ನಳಿಗೆಯೂ ಒಟ್ಟಾಗಿ ಎತ್ತಿನ ಹಿಂದೆ ನಡೆದಂತೆ. ಅಡ್ಡಲಾಗಿ ಒಂದು ಮರದ ದಿಂಡು. ಸಾಮಾನ್ಯವಾಗಿ ಜಾಲಿಯ ಕಟ್ಟಿಗೆ. ಅದಕ್ಕೆ ಸಮದೂರದಲ್ಲಿ ಕೂರಿಸಿದ ತಾಳುಗಳು. ತಾಳುಗಳ ತುದಿಗೆ ಕಬ್ಬಿಣ. ಒಂದೊಂದು ತಾಳಿನಿಂದಲೂ ಒಂದೊಂದು ಬಿದಿರ ನಳಿಗೆಯು ಮೇಲೇರಿ, ಎಲ್ಲವೂ ಒಂದೇ ಮರದ ಬಟ್ಟಲಿನಲ್ಲಿ ಕೂಡುತ್ತವೆ. ಬಟ್ಟಲಿನ ತಳದಲ್ಲಿ ತಾಳಿಗೊಂದರಂತೆ ತೂತು. ಬಟ್ಟಲಿಗೆ ಬಿಟ್ಟ ಬೀಜವು ತೂತುಗಳಿಗೆ ಹಂಚಿಹೋಗಿ, ನಳಿಗೆಗಳಲ್ಲಿಳಿದು, ಕುಳವು ಸೀಳಿದ ಗೆರೆಯಲ್ಲಿಯೇ ಬೀಳುವುದು. ರಾಗಿಗೆ ತಾಳುಗಳು ಒತ್ತಾಗಿರುತ್ತವೆ, ಹಳೆಯ ಮೈಸೂರಿನ ಕಡೆ ಹನ್ನೆರಡು ತಾಳಿನ ಕೂರಿಗೆಯೂ ಉಂಟು. ಜೋಳಕ್ಕೆ ಅಂತರ ಹೆಚ್ಚು, ಹತ್ತಿಗೆ ಇನ್ನೂ ಹೆಚ್ಚು. ಅವರೆ, ತೊಗರಿಗಳ ಅಕ್ಕಡಿ ಸಾಲಿಗೆ ಕೂರಿಗೆಯ ಹಿಂದೆ ಹಗ್ಗದಿಂದ ಕಟ್ಟಿದ ಪ್ರತ್ಯೇಕವಾದ ಒಂಟಿ ನಳಿಗೆ. ಅದಕ್ಕೆ ಸಡ್ಡೆಯೆಂದು ಹೆಸರು. ಅಜ್ಜನವರ ಬಿದಿರ ನಳಿಗೆಯು ಈ ಸಡ್ಡೆಯ ತಮ್ಮನೇ ಸರಿ.

ಸಾಲುಗಳು ಸಮವಾಗಿರಬೇಕೆಂಬ ಹಟವು ಕೇವಲ ಕಣ್ಣಿನ ಸೊಗಸಿಗಾಗಿ ಹುಟ್ಟಿದುದಲ್ಲ. ಸಾಲು ಸಮವಾಗಿದ್ದರೆ ಮಾತ್ರ ಎಡೆಕುಂಟೆಯು ಪೈರಿನ ನಡುವೆ ಹಾಯಬಲ್ಲುದು. ಕಳೆಯು ಸಾಯುವುದು, ಮೇಲ್ಮಣ್ಣು ಸಡಿಲಗೊಂಡು ತೇವವು ಆರದೆ ನಿಲ್ಲುವುದು. ಮಳೆಯು ಕೈಕೊಡುವ ಬಯಲುಸೀಮೆಯಲ್ಲಿ ಇದರಿಂದಲೇ ಬೆಳೆಯು ಉಳಿಯುವುದೋ ಅಳಿಯುವುದೋ ನಿಶ್ಚಯವಾಗುತ್ತದೆ. ಕಾಯಿಪಲ್ಯದ ಮಡಿಯಲ್ಲಿ ಎಡೆಕುಂಟೆಯ ಬದಲು ಕುರ್ಚಿಗಿಯಿರಬಹುದು, ತತ್ತ್ವವು ಒಂದೇ.

ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಸಾಲಿನಿಂದ ಸಾಲಿಗೆ ಇರುವ ದೂರವನ್ನು ನಿಶ್ಚಯಿಸಿದವನು ಬಡಗಿ; ಅದು ದಿಂಡಿನಲ್ಲಿಯೇ ಕೊರೆದಿರುತ್ತದೆ, ತಪ್ಪುವಂತಿಲ್ಲ. ಆದರೆ ಒಂದೇ ಸಾಲಿನೊಳಗೆ ಬೀಜದಿಂದ ಬೀಜಕ್ಕೆ ಇರಬೇಕಾದ ದೂರವನ್ನು ಕೂರಿಗೆಯ ಯಾವ ಭಾಗವೂ ಕಾಯುವುದಿಲ್ಲ. ಅದನ್ನು ಕಾಯುವುದು ಬಟ್ಟಲಿಗೆ ಬೀಜ ಬಿಡುವ ಕೈ. ನಮ್ಮ ಸೀಮೆಯಲ್ಲಿ ಬಹುಕಡೆ ಆ ಕೈಯು ಹೆಂಗಸರದು. ಉಡಿಯಲ್ಲಿ ಬೀಜವನ್ನು ತುಂಬಿಕೊಂಡು, ಎತ್ತಿನ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುತ್ತ, ಮುಷ್ಟಿಯನ್ನು ಬಟ್ಟಲಿನ ಮೇಲೆ ಸುತ್ತಿಸುತ್ತ, ಹೆಬ್ಬೆರಳಿನ ಸಂದಿಯಿಂದ ಬೀಜವು ಎಲ್ಲ ತೂತುಗಳಿಗೂ ಒಂದೇ ಸಮನಾಗಿ ಇಳಿಯುವಂತೆ ಬಿಡಬೇಕು. ಕೈಯು ಕ್ಷಣಕಾಲ ತಡೆದರೆ ಅಷ್ಟು ದೂರದವರೆಗೆ ಎಲ್ಲ ಸಾಲುಗಳೂ ಬರಿದು. ಬಿತ್ತುವಾಗ ಆ ತಪ್ಪು ಯಾರಿಗೂ ಕಾಣುವುದಿಲ್ಲ. ವಾರವು ಕಳೆದು ಮೊಳಕೆಯೆದ್ದ ಮೇಲೆ ಊರಿಗೆಲ್ಲ ಕಾಣುತ್ತದೆ. ತೋಟದಜ್ಜನವರು ಮುಷ್ಟಿಗೆ ಕಣ್ಣಿಲ್ಲವೆಂದುದು ನನ್ನ ಮುಷ್ಟಿಯನ್ನು ಕುರಿತು ಮಾತ್ರ. ಕಣ್ಣುಳ್ಳ ಮುಷ್ಟಿಗಳನ್ನು ಅವರು ಬಲ್ಲವರಾಗಿದ್ದರು. ಅವರ ತಾಯಿಯವರು ಊರಿನಲ್ಲಿ ಹೆಸರಾದ ಬಿತ್ತನೆಗಾರ್ತಿಯೆಂದು ಒಮ್ಮೆ ಹೇಳಿದ್ದುಂಟು.

ಹನ್ನೆರಡನೆಯ ಶತಮಾನದ ಶರಣರ ನಾಮಾವಳಿಯನ್ನು ಈ ದೃಷ್ಟಿಯಿಂದ ಓದಿದರೆ ಮನಸ್ಸಿಗೆ ಒಂದು ಬಗೆಯ ಆನಂದವಾಗುತ್ತದೆ. ಹಗ್ಗವನ್ನು ಹೊಸೆದವರು ನುಲಿಯ ಚಂದಯ್ಯನವರು. ಬಿದಿರಿನ ಕಾಯಕ ಮೇದಾರ ಕೇತಯ್ಯನವರದು. ಮರಗೆಲಸ ಬಾಚಿಕಾಯಕದ ಬಸವಯ್ಯನವರದು. ನೆಲವನ್ನು ಉತ್ತು ಬಿತ್ತಿದವರು ಒಕ್ಕಲಿಗ ಮುದ್ದಣ್ಣನವರು; ಒಕ್ಕಲುತನದ ಮಾತುಗಳಲ್ಲಿಯೇ ಅಧ್ಯಾತ್ಮವನ್ನು ನುಡಿದವರು. ಈ ಶರಣರು ಕೂರಿಗೆಯನ್ನು ರಚಿಸಿದರೆಂದು ನಾನು ಹೇಳುತ್ತಿಲ್ಲ; ಅದಕ್ಕೆ ಪ್ರಮಾಣವಿಲ್ಲ, ಪ್ರಮಾಣವಿಲ್ಲದುದನ್ನು ಭಕ್ತಿಯ ಭರದಲ್ಲಿ ಬರೆಯುವುದು ಪೂಜ್ಯರಿಗೂ ಒಪ್ಪಿಗೆಯಾಗದು. ಒಂದು ಕೂರಿಗೆಯು ಸಿದ್ಧವಾಗಬೇಕಾದರೆ ಹಗ್ಗದವನೂ ಬಿದಿರಿನವನೂ ಮರದವನೂ ಕಬ್ಬಿಣದವನೂ ಕೂಡಬೇಕು. ಅನುಭವಮಂಟಪದಲ್ಲಿ ಸಮಾನಾಸನದಲ್ಲಿ ಕುಳಿತವರು ಇಂತಹ ಕಾಯಕಗಳವರೇ ಆಗಿದ್ದರು ಎಂಬಷ್ಟನ್ನು ಮಾತ್ರ ನೆನಪಿಗೆ ತರುತ್ತಿದ್ದೇನೆ.

ಇನ್ನು ಪರದೇಶಗಳ ವೃತ್ತಾಂತ. ಸಾಲುಬಿತ್ತನೆಯು ನಮ್ಮ ನಾಡಿಗೇ ವಿಶಿಷ್ಟವಾದುದೆಂದು ಜಂಬಪಡುವುದು ಸರಿಯಲ್ಲ. ಪ್ರಾಚೀನ ಸುಮೇರಿಯದ ಮಣ್ಣಿನ ಫಲಕಗಳಲ್ಲಿ ಮುದುಕನಾದ ಒಕ್ಕಲಿಗನೊಬ್ಬನು ಮಗನಿಗೆ ಬೋಧಿಸುವ ಬರಹವೊಂದು ದೊರೆತಿದೆ. ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನದು. ಸುಮಾರು ಇಪ್ಪತ್ತು ಅಡಿಯ ಅಗಲದಲ್ಲಿ ಎಂಟು ಸಾಲುಗಳನ್ನು ಹೊಡೆಯಬೇಕೆಂದೂ, ಬೀಜವು ಎರಡು ಬೆರಳಿನ ಆಳಕ್ಕೆ ಒಂದೇ ಸಮನಾಗಿ ಬೀಳುವಂತೆ ಬ��ತ್ತುವವನ ಮೇಲೆ ಕಣ್ಣಿಟ್ಟಿರಬೇಕೆಂದೂ ಅದರಲ್ಲಿದೆ. ಅವರ ನೇಗಿಲಿಗೂ ಬೀಜದ ನಳಿಗೆಯಿದ್ದಿತು. ಚೀನದಲ್ಲಿ ಹಾನ್ ವಂಶದ ಅರಸರ ಕಾಲಕ್ಕಾಗಲೇ ಮೂರು ಕಾಲುಗಳ ಬಿತ್ತನೆಯ ಯಂತ್ರವು ಬಳಕೆಗೆ ಬಂದಿದ್ದಿತು.

ಇಂಗ್ಲೆಂಡಿನಲ್ಲಿ ಜೆತ್ರೊ ಟಲ್ ಎಂಬವನು ೧೭೦೧ರಲ್ಲಿ ತನ್ನ ಬಿತ್ತನೆಯ ಯಂತ್ರವನ್ನು ರಚಿಸಿದನು. ಬೀಜವನ್ನು ಅಳತೆಗೆ ತಕ್ಕಂತೆ ಬಿಡುವ ಉಪಾಯವನ್ನು ಅವನು ಆರ್ಗನ್ ಎಂಬ ವಾದ್ಯದ ಒಳಭಾಗದಲ್ಲಿ ಗಾಳಿಯನ್ನು ತಡೆದು ಬಿಡುವ ಏರ್ಪಾಟಿನಿಂದ ತೆಗೆದುಕೊಂಡನು. ಹಳೆಯ ಬಾಗಿಲಿನಿಂದ ಗೂಟದ ಹಲಗೆಯನ್ನು ಮಾಡಿದ ನಮ್ಮ ಅಜ್ಜನವರಿಗೂ ಅವನಿಗೂ ಈ ವಿಷಯದಲ್ಲಿ ನಾನು ಹೆಚ್ಚು ಭೇದವನ್ನು ಕಾಣೆನು. ಅವನ ಉದ್ದೇಶವೂ ಸಾಲಿನ ನಡುವೆ ಕುದುರೆಯ ಕುಂಟೆಯನ್ನು ಹಾಯಿಸುವುದೇ ಆಗಿದ್ದಿತು.

ಆ ಶತಮಾನವು ಮುಗಿಯುವಷ್ಟರಲ್ಲಿ, ೧೭೯೫ರಲ್ಲಿ, ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿಯು ಆಂಧ್ರಸೀಮೆಯ ಹೊಲವೊಂದರ ಮೇಲೆ ಕುದುರೆಯೇರಿ ಹೋಗುತ್ತಿದ್ದಾಗ ಬಿತ್ತನೆಯ ಕೂರಿಗೆಯನ್ನು ಕಂಡು ಬೆರಗಾದನು. ಅದುವರೆಗೆ ಅದು ಯೂರೋಪಿನವರ ಹೊಸ ಕಲ್ಪನೆಯೆಂದೇ ಅವನು ತಿಳಿದಿದ್ದನು. ವಿಚಾರಿಸಲಾಗಿ, ಅಲ್ಲಿ ಅದು ಅನಾದಿಯಿಂದ ರೂಢಿಯಲ್ಲಿರುವುದೆಂದು ತಿಳಿದುಬಂದಿತು. ಅವನು ಬರೆದ ಪತ್ರಗಳು ೧೭೯೭ರಲ್ಲಿ ಲಂಡನ್ನಿನ ಕೃಷಿಮಂಡಲಿಯ ಸಂಪುಟದಲ್ಲಿ ಅಚ್ಚಾದುವು. ಮರೆತುಹೋಗಿದ್ದ ಅವನ್ನು ಧರಂಪಾಲರು ೧೯೭೧ರಲ್ಲಿ ತಮ್ಮ ಗ್ರಂಥದ ಮೂಲಕ ಪುನಃ ಬೆಳಕಿಗೆ ತಂದರು. ೧೮೦೦ ಮತ್ತು ೧೮೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು, ೧೮೦೭ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಕೂರಿಗೆಯ ಹೆಸರನ್ನು ಕನ್ನಡದಲ್ಲಿದ್ದಂತೆಯೇ ಬರೆದುಕೊಂಡು, ರಾಗಿಯ ಬಿತ್ತನೆಯನ್ನು ವಿವರಿಸಿರುವನು. ೧೮೯೩ರಲ್ಲಿ ವೋಲ್ಕರನು ಭಾರತದ ಒಕ್ಕಲುತನವನ್ನು ಕುರಿತು ಸರಕಾರಕ್ಕೆ ಒಪ್ಪಿಸಿದ ವರದಿಯಲ್ಲಿ, ಇಲ್ಲಿಯ ರೈತನು ಬ್ರಿಟನ್ನಿನ ಸಾಮಾನ್ಯ ರೈತನಿಗೆ ಕಡಿಮೆಯಲ್ಲ, ಕೆಲವು ವಿಷಯಗಳಲ್ಲಿ ಮೇಲೆಯೇ ಎಂಬ ಅಭಿಪ್ರಾಯವನ್ನು ಕೊಟ್ಟನು.

ಪರಕೀಯರ ಈ ಪ್ರಶಂಸಾಪತ್ರಗಳನ್ನು ಹಿಡಿದು ಕುಣಿಯುವ ಅಭ್ಯಾಸವು ನಮ್ಮಲ್ಲಿ ಹಲವರಿಗಿದೆ. ನನಗೆ ಅದು ಸೇರದು. ಅವರು ಮರವನ್ನೂ ಕಬ್ಬಿಣವನ್ನೂ ಕಂಡರು, ತಾಳುಗಳನ್ನು ಎಣಿಸಿದರು. ಅದಕ್ಕಾಗಿ ಅವರಿಗೆ ಋಣಿಗಳಾಗಿರೋಣ. ಆದರೆ ಬಟ್ಟಲಿನ ಮೇಲೆ ಸುತ್ತುತ್ತಿದ್ದ ಆ ಕೈಯ ಹೆಸರನ್ನು ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಈ ಕೌಶಲದ ಬೆಲೆಯು ಸುಭಿಕ್ಷದಲ್ಲಿ ತಿಳಿಯುವುದಿಲ್ಲ. ೧೮೭೬ರಿಂದ ೧೮೭೮ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಹಿರಿಯರು ಮನೆಮನೆಗಳಲ್ಲಿ ನೆನೆಯುತ್ತಿದ್ದರು. ಅಂತಹ ಕಾಲದಲ್ಲಿ ಒಕ್ಕಲಿಗನ ಮುಂದೆ ಬರುವ ಕಟ್ಟಕಡೆಯ ಸಂಕಟವೆಂದರೆ ಮಡಕೆಯ ತಳದಲ್ಲಿ ಉಳಿದ ಬೀಜ: ಉಂಡರೆ ಇಂದು ಬದುಕು, ಇಟ್ಟರೆ ಮುಂದಿನ ಮಳೆಗೆ ಬದುಕು. ಚೆಲ್ಲಿ ಬಿತ್ತುವವನಿಗಿಂತ ಸಾಲಿನಲ್ಲಿ ಬಿತ್ತುವವನಿಗೆ ಬೀಜವು ಕಡಿಮೆ ಸಾಕು. ಗಂಟಿಗೊಂದರಂತೆ ಊರುವವನಿಗೆ ಇನ್ನೂ ಕಡಿಮೆ. ಹೀಗೆ ಉಳಿದ ಒಂದೊಂದು ಹಿಡಿಯೂ ಒಬ್ಬರ ತುತ್ತು. ನಾನು ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಬೀಜದ ಗಂಟನ್ನು ಹಾಳುಮಾಡಿದಾಗ ಅಜ್ಜನವರ ಮುಖವು ಏಕೆ ಹಾಗೆ ಬಾಡಿತೆಂಬುದು, ಬರದ ಕಥೆಗಳನ್ನು ಕೇಳಿದ ಮೇಲೆ ನನಗೆ ಅರ್ಥವಾಯಿತು.

ನಮ್ಮ ರೈತರ ಕಲ್ಪನೆಯು ಹಳೆಯದರಲ್ಲಿಯೇ ನಿಂತುಹೋಯಿತೆಂದು ಯಾರೂ ಭಾವಿಸಬಾರದು. ಹಾವೇರಿಯ ಕಡೆಯ ಗುಳಿರಾಗಿಯ ಪದ್ಧತಿಯನ್ನು ನೋಡಿ. ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆಗಳನ್ನು ಹೊಡೆದು, ಗೆರೆಗಳು ಕೂಡುವ ಒಂದೊಂದು ಗುಳಿಯಲ್ಲಿಯೂ ಗೊಬ್ಬರವನ್ನಿಟ್ಟು ಎರಡು ಎಳೆಯ ಸಸಿಗಳನ್ನು ನೆಡುವರು. ಆಮೇಲೆ ಎಳೆಯ ಪೈರಿನ ಮೇಲೆ ಕೊರಡನ್ನು ಎಳೆದು ಬಾಗಿಸುವರು. ಬಾಗಿದ ಸಸಿಯು ಬುಡದಿಂದ ಹೆಚ್ಚು ತೆಂಡೆಗಳನ್ನು ಒಡೆಯುತ್ತದೆ. ಗೆರೆಗಳು ಚೌಕವಾಗಿರುವುದರಿಂದ ಎಡೆಕುಂಟೆಯು ಎರಡು ದಿಕ್ಕಿಗೂ ಹಾಯುತ್ತದೆ. ಸಮುದ್ರದಾಚೆಯ ಮಡಗಾಸ್ಕರ್ ದ್ವೀಪದಲ್ಲಿ ಲೊಲಾನಿಯೆ ಎಂಬ ಕ್ರೈಸ್ತಪಾದ್ರಿಯು ೧೯೮೩ರ ಸುಮಾರಿಗೆ ಬತ್ತಕ್ಕೆ ಇಂತಹುದೇ ವಿರಳನಾಟಿಯನ್ನು ಕಂಡುಕೊಂಡನು. ಶ್ರೀಪದ್ಧತಿಯೆಂಬ ಹೆಸರಿನಿಂದ ಅದು ನಮ್ಮ ಗದ್ದೆಗಳಿಗೂ ಬಂದಿದೆ. ಗೇಣಿಗೆ ಸ್ವಲ್ಪ ಮಿಗಿಲಾದ ಚೌಕಗಳನ್ನು ಕೆಸರಿನ ಮೇಲೆ ಗುರುತಿಸುವುದಕ್ಕಾಗಿ ರೈತರು ಗಂಟಿನ ಹಗ್ಗವನ್ನೂ, ಉರುಳಿಸುವ ಸರಳಿನ ಚೌಕಟ್ಟನ್ನೂ ತಾವೇ ಮಾಡಿಕೊಂಡರು.

ತೋಟದಜ್ಜನವರು ಲಿಂಗೈಕ್ಯರಾಗಿ ಬಹುವರ್ಷಗಳಾದುವು. ಯಂತ್ರದ ಕೂರಿಗೆಗಳು ಬಂದುದರಿಂದ ಸುತ್ತಲಿನ ಹಳ್ಳಿಗಳಲ್ಲಿ ಮರದ ಕೂರಿಗೆಯು ವಿರಳವಾಗಿದೆ. ಅದರೊಡನೆ ಬಟ್ಟಲಿಗೆ ಬೀಜ ಬಿಡಬಲ್ಲ ಕೈಗಳೂ ವಿರಳವಾದುವು. ಕಳೆದ ವರ್ಷ ಶ್ರೀಮಠದ ಚರಾಸ್ತಿಗಳ ಪಟ್ಟಿಯನ್ನು ಈ ಉತ್ಸವದ ನಿಮಿತ್ತವಾಗಿ ಹೊಸದಾಗಿ ಬರೆಯುವಾಗ ನಾನೂ ಅಲ್ಲಿದ್ದೆನು. ಬೆಳ್ಳಿಯ ಪಾದುಕೆಗಳು, ಪಲ್ಲಕ್ಕಿ, ಓಲೆಗರಿಯ ಕಟ್ಟುಗಳು, ದೊಡ್ಡ ಹಂಡೆಗಳು, ಎಲ್ಲವೂ ಕ್ರಮವಾಗಿ ದಾಖಲಾದುವು. ಉಗ್ರಾಣದ ತೊಲೆಯ ಮೇಲಿದ್ದ ಹಲಗೆಯನ್ನು ಬರೆಯುವವರು ಸೌದೆಯೆಂದು ಭಾವಿಸಿ ಹೊರಗಿಟ್ಟಿದ್ದರು. ಅದನ್ನು ಒಳಗೆ ತರಿಸಿ, ‘ಬಿತ್ತನೆಯ ಗೂಟದ ಹಲಗೆ, ಒಂದು’ ಎಂದು ಬರೆಯಿಸಿದೆನು.

ಈಗ ಪಾಠಶಾಲೆಯ ಹುಡುಗರು ಬೆಂಡೆಯನ್ನು ಬಿತ್ತಲು ಬಿದಿರಿನ ಬದಲು ನೀರಿನ ಪ್ಲಾಸ್ಟಿಕ್ ಕೊಳವೆಯ ತುಂಡೊಂದನ್ನು ಓರೆಯಾಗಿ ಕತ್ತರಿಸಿ ಉಪಯೋಗಿಸುವರು. ಬೀಜವು ಅದರಲ್ಲಿ ಇನ್ನೂ ಸಲೀಸಾಗಿ ಇಳಿಯುತ್ತದೆ. ಹಳೆಯ ಹುರಿಯು ಗೆದ್ದಲಿಗೆ ಹೋಯಿತು. ಹೊಸ ಹುರಿಗೆ ನನ್ನ ಗೇಣಿನ ಅಳತೆಯಲ್ಲಿಯೇ ಗಂಟುಹಾಕಿಸಿದ್ದೇನೆ, ಅಜ್ಜನವರ ಗೇಣಿಗಿಂತ ಅದು ಒಂದಂಗುಲ ಕಡಿಮೆಯೆಂದು ನನಗೆ ಸಂಶಯವಿದೆ. ಮೂಲಂಗಿಗೆ ಮಾತ್ರ ಆ ಹಲಗೆಯೇ ನಡೆಯುತ್ತಿದೆ. ಅದರ ನಡುಸಾಲಿನ ಎರಡು ಗೂಟಗಳು ಮುರಿದಿವೆ. ಉತ್ಸವದ ದಾಸೋಹಕ್ಕೆ ಬಿತ್ತುವ ಮೊದಲು ಕೂರಿಸಿಕೊಡಬೇಕೆಂದು ಬಡಗಿಯವರಿಗೆ ಹೇಳಿಕಳುಹಿಸಿದ್ದೇನೆ.